ಬಂಡ್ರಿ ಬೆನ್ನಿನ ವಕೀಲಮ್ಮ

ಅವರ ಕರಿ ಕೋಟಿನ ಎಡತೋಳು ಬಲತೋಳಿಗಿಂತ ಬಣ್ಣಗೆಟ್ಟಿತ್ತು. ಬಲತೋಳು ಇನ್ನೂ ಕಪ್ಪು. ಎಡತೋಳು ಮಾತ್ರ ಭುಜದಿಂದ ಮೊಣಕೈವರೆಗೆ ಹಳೆಯ ಕಂಬಳಿಯ ಹಾಗೆ ಕಂದಿಹೋಗಿತ್ತು. ಹೊಸಪೇಟೆಯಿಂದ ಸಂಡೂರು ಕೋರ್ಟಿಗೆ ಬಸ್ಸಿನಲ್ಲಿ ಓಡಾಡಿದವರು ಅವರು. ಹೆಂಗಸರ ಸೀಟು, ಎಡಗಡೆ ಕಿಟಕಿ. ಬೆಳಿಗ್ಗೆ ದಕ್ಷಿಣಕ್ಕೆ ಹೋಗುವಾಗ ಬಿಸಿಲು ಎಡಕ್ಕೆ. ಸಂಜೆ ಉತ್ತರಕ್ಕೆ ಮರಳುವಾಗಲೂ ಎಡಕ್ಕೇ. ಈ ವಿವರಣೆ ಹೊಳೆದದ್ದು ಈಗ, ಬರೆಯಲು ಕೂತಾಗ. ಆಗ ನನಗೆ ಕಂಡದ್ದು ಬಣ್ಣಗೆಟ್ಟ ತೋಳು ಮಾತ್ರ. ಹಳೆಯ ಸಂಗತಿಗಳು ಇಷ್ಟು ಚೆನ್ನಾಗಿ ಹೊಂದಿಕೊಂಡು ಬಂದಾಗೆಲ್ಲ ನನಗೆ ಅನುಮಾನ. ದರ್ಜಿ ಎರಡು ಬೇರೆ ಬಟ್ಟೆ ಕೂಡಿಸಿ ಹೊಲಿದಿದ್ದರೂ ಇರಬಹುದು.

ನಾವೆಲ್ಲ ಅವರನ್ನು ವಕೀಲಮ್ಮ ಅನ್ನುತ್ತಿದ್ದೆವು, ಎದುರಿಗೆ ‘ಅಮ್ಮಾರ’. ಗಣಿ, ಕಾರ್ಖಾನೆ, ಅಕ್ಕಿ ಗಿರಣಿ, ಲಾರಿ ಹೀಗೆ ಎಲ್ಲೆಲ್ಲೋ ದುಡಿಯುವಾಗ ಕೈಯನ್ನೋ ಕಾಲನ್ನೋ ಕೆಡಿಸಿಕೊಂಡವರು ಅಂಗವೈಕಲ್ಯದ ಪರಿಹಾರ ಕೇಳಿ, ವಿಮೆಯ ಕಚೇರಿ ಕೊಡುವುದಿಲ್ಲ ಎಂದು ಬರೆದು ಕಳಿಸಿದ ಮೇಲೆ, ಆ ಕಾಗದ ಹಿಡಿದು ಇವರ ಹತ್ತಿರ ಬರುತ್ತಿದ್ದರು. ಕಚೇರಿ ಹೇಳಿದ್ದು ಸರಿಯೋ ತಪ್ಪೋ ನೋಡಿ ಎಂದು ಕೋರ್ಟಿನ ಮುಂದೆ ಇಡುವುದು ವಕೀಲಮ್ಮನ ಕೆಲಸ. ಅವರಿಗೆ ಯಾರ ಹೆಸರೂ ನೆನಪಿರುತ್ತಿರಲಿಲ್ಲ. ಊರು ಮತ್ತು ಏಟು ಬಿದ್ದ ಅಂಗ, ಇಷ್ಟೇ ಅವರ ವಿಳಾಸ. “ಕಂಪ್ಲಿ ಕೈ ಬಂದೈತೇನು?” ಎಂದು ಫೋನಿನಲ್ಲಿ ಕೂಗುವರು. “ತೋರಣಗಲ್ಲು ಕಣ್ಣಿಗೆ ಸೋಮವಾರ ಬಾ ಅಂತ ಹೇಳು. ಮರಿಯಮ್ಮನಹಳ್ಳಿ ಮೊಣಕಾಲು ಇವತ್ತೂ ತಪ್ಪಿಸ್ಯಾನ, ಸುಳ್ಳ ನನ್ಮಗ.”

ನಮ್ಮ ಅಪ್ಪ ‘ಬಂಡ್ರಿ ಬೆನ್ನು’.

ಅವ್ವನಿಗೆ ಇದು ಹಿಡಿಸಲಿಲ್ಲ. “ನಮ್ಮ ಯಜಮಾನ್ರಿಗೊಂದು ಹೆಸರೈತ್ರಿ ಅಮ್ಮಾರ,” ಅಂದಳು.

“ಹೆಸರು ಮರೀತೀನವ್ವ ನಾನು. ನೋವು ಮರಿಯಂಗಿಲ್ಲ. ನಿನಗ ಯಾವುದು ಬೇಕು ಹೇಳು.”

ಮುಂದೆ ಅವ್ವನೇ ಅವರಿಗೆ ಫೋನು ಮಾಡುವಾಗ “ನಾನ್ರಿ, ಬಂಡ್ರಿ ಬೆನ್ನಿನ ಹೇಣ್ತಿ” ಎಂದು ಶುರು ಮಾಡುತ್ತಿದ್ದಳು.

ವಕೀಲಮ್ಮನ ಕಚೇರಿ ಹೊಸಪೇಟೆಯಲ್ಲಿ ಒಂದು ಲಾಡ್ಜಿನ ಮೇಲಿತ್ತು. ಕಡಿದಾದ ಮೆಟ್ಟಿಲು. ಅವರ ಕಕ್ಷಿದಾರರಲ್ಲಿ ಅರ್ಧ ಜನಕ್ಕೆ ಅದನ್ನು ಹತ್ತಲು ಆಗುತ್ತಿರಲಿಲ್ಲ. ಹಾಗಾಗಿ ಅವರೇ ಇಳಿದು ಬಂದು, ಹಂಪಿ ನೋಡಲು ಬಂದವರ ಬ್ಯಾಗುಗಳ ನಡುವೆ, ಲಾಡ್ಜಿನ ಸೋಫಾದ ಮೇಲೆ ಕೂತು ಕೇಸು ಕೇಳುತ್ತಿದ್ದರು. ಮ್ಯಾನೇಜರು ಗೊಣಗುವನು: “ಅಮ್ಮಾರ, ಗಿರಾಕಿಗಳು ಇದೇನು ದವಾಖಾನೆನಾ ಅಂತ ಕೇಳ್ತಾರ್ರಿ.” “ಹೌದು ಅನ್ನು. ಬಾಡಿಗಿ ಸ್ವಲ್ಪ ಹೆಚ್ಚಿಗಿ ತಗೋ,” ಅನ್ನುವರು ಇವರು. ಅವರಿಗೂ ಮೆಟ್ಟಿಲು ಸುಲಭವಿರಲಿಲ್ಲ. ಸಕ್ಕರೆ ಕಾಯಿಲೆಯ ಪಾದಗಳು ಸಂಜೆಯ ಹೊತ್ತಿಗೆ ಊದಿ ಚಪ್ಪಲಿಯಿಂದ ಹೊರಗೆ ಬರುತ್ತಿದ್ದವು.

ಅಪ್ಪ ತೋರಣಗಲ್ಲಿನ ಹತ್ತಿರದ ಒಂದು ಯಾರ್ಡಿನಲ್ಲಿ ಗುತ್ತಿಗೆದಾರನ ಕೈಕೆಳಗೆ ಲೋಡಿಂಗ್ ಕೆಲಸದಲ್ಲಿದ್ದ. ತುಂಬಿದ ಲಾರಿಯ ಮೇಲೆ ನಿಂತು ತಾಡಪತ್ರಿ ಬಿಗಿಯುವಾಗ ಹಗ್ಗ ಹರಿದು ಹಿಂದಕ್ಕೆ ಬಿದ್ದ. ಬೆನ್ನುಮೂಳೆಗೆ ಏಟಾಯಿತು. ತಿಂಗಳುಗಟ್ಟಲೆ ಮಲಗಿ ಎದ್ದ ಮೇಲೂ ಸ್ವಲ್ಪ ಹೊತ್ತು ನಿಂತರೆ ಎಡಗಾಲು ಸತ್ತ ಹಾಗಾಗುತ್ತಿತ್ತು, ಬಗ್ಗಲು ಆಗುತ್ತಿರಲಿಲ್ಲ. ಇನ್ನೊಮ್ಮೆ ಬಿದ್ದರೆ ಹಾಸಿಗೆ ಬಿಟ್ಟು ಏಳುವುದಿಲ್ಲ ಎಂದು ಆಪರೇಷನ್ ಮಾಡಿದ ಡಾಕ್ಟರು ಹೇಳಿದ್ದರು. ಕೆಲಸದಲ್ಲಿದ್ದಷ್ಟು ದಿನ ಸಂಬಳದಿಂದ ವಿಮೆಗೆ ಹಣ ಹಿಡಿದಿದ್ದರಿಂದ ತಿಂಗಳು ತಿಂಗಳು ಅಂಗವೈಕಲ್ಯದ ಪರಿಹಾರ ಬರಬೇಕಿತ್ತು. ಅರ್ಜಿ ಹಾಕಿದೆವು. ವೈದ್ಯರ ಮಂಡಳಿಯ ಮುಂದೆ ಅಪ್ಪ ಹೋಗಿ ಬಂದ. ಕಾಗದ ಬಂತು: ‘ಪರೀಕ್ಷೆಯ ಅವಧಿಯುದ್ದಕ್ಕೂ ಅರ್ಜಿದಾರರು ಯಾವ ಆಧಾರವೂ ಇಲ್ಲದೆ ನಿಂತಿದ್ದರು. ಗಣನೀಯ ಅಂಗವೈಕಲ್ಯ ಕಂಡುಬಂದಿಲ್ಲ.’

ಕಾಗದ ಬಂದ ವಾರದಲ್ಲೇ ಅಪ್ಪ ಯಾರ್ಡಿಗೆ ಹೋಗಿ ಗುತ್ತಿಗೆದಾರನನ್ನು ಕಂಡು ಬಂದ. ಬೇಕಾದರೆ ಮತ್ತೆ ಲಾರಿ ಹತ್ತು, ಬೇರೆ ಕೆಲಸ ಇಲ್ಲ ಅಂದನಂತೆ ಅವನು. ಅಪ್ಪ ಹತ್ತುತ್ತೇನೆ ಅಂದಿದ್ದ. ಅವ್ವ ನನ್ನನ್ನು ಕರೆದುಕೊಂಡು ಹೊಸಪೇಟೆಯ ಆ ಲಾಡ್ಜಿಗೆ ಹೋದದ್ದು ಆ ಮಾತಿನ ಮರುದಿನ. ಆಗ ನಾನು ಸಂಡೂರಿನಲ್ಲಿ ಬಿ.ಎ. ಓದುತ್ತಿದ್ದೆ.

ಕಾಗದವನ್ನು ವಕೀಲಮ್ಮ ಒಮ್ಮೆ ಓದಿ ಮಡಚಿ ಕೊಟ್ಟುಬಿಟ್ಟರು. “ಇದು ಅವರು ಬರದಿದ್ದು. ನನಗ ನಿಮ್ಮ ಮುಂಜಾನಿ ತೋರಸ್ರಿ,” ಅಂದರು.

ಅದು ಅವರ ರೀತಿ. ಕೇಸು ಹಿಡಿಯುವ ಮೊದಲು ಮನೆಗೆ ಬಂದು, ಮನುಷ್ಯ ಹೇಗೆ ಏಳುತ್ತಾನೆ, ಹೇಗೆ ಮುಖ ತೊಳೆಯುತ್ತಾನೆ, ಚೆಂಬು ಯಾವ ಕೈಯಲ್ಲಿ ಹಿಡಿಯುತ್ತಾನೆ ಎಂದು ಕಣ್ಣಾರೆ ನೋಡಬೇಕು. ಮೊದಲ ಬಸ್ಸಿಗೆ ಬಂಡ್ರಿಗೆ ಬಂದರು. ಅಪ್ಪ ಮಂಚದ ಮೇಲೆ ಒರಗಿದ್ದವನು ಅವರನ್ನು ಕಂಡದ್ದೇ ಪಕ್ಕಕ್ಕೆ ಹೊರಳಿ, ಎರಡೂ ಕೈ ಊರಿ, ಬಾಗಿಲ ಚೌಕಟ್ಟು ಹಿಡಿದು ಎದ್ದು ನಿಂತ. ವಕೀಲಮ್ಮ ನಿಂತುಕೊಂಡೇ ಒಂದೊಂದಾಗಿ ಪ್ರಶ್ನೆ ಕೇಳಿದರು. ಅಪ್ಪ ನೆಟ್ಟಗೆ ನಿಂತು ಉತ್ತರ ಕೊಟ್ಟ. ಅಂಗಿಯ ಕಾಲರು ಬೆವರಿನಲ್ಲಿ ತೊಯ್ದಿತ್ತು.

“ಯಾಕ ನಿಂತೀರಿ?” ಅಂದರು ವಕೀಲಮ್ಮ ನಡುವೆಯೇ.

“ನೀವು ನಿಂತೀರಲ್ರಿ ಅಮ್ಮಾರ.”

ಅವರು ಮಂಚದ ತುದಿಗೆ ಕೂತರು. “ಈಗ?”

“ನೀವು ಕುಂತಲ್ಲಿ ನಾ ಕುಂದ್ರಾಕ ಬರತೈತೇನ್ರಿ?”

“ನಾ ನಿಂತ್ರೂ ನಿಲ್ಲತೀರಿ, ಕುಂತ್ರೂ ನಿಲ್ಲತೀರಿ. ಮತ್ತ ನಾ ಏನು ಹಾರಾಡ್ಲೇನು? ಕುಂದ್ರಿ ಅಂತೀನಿ!”

ಅಪ್ಪ ಕೂತ. ಕೂತದ್ದಲ್ಲ, ಮಣ್ಣಿನ ಗೋಡೆ ಕುಸಿದ ಹಾಗೆ ಮಂಚದ ಮೇಲೆ ಕುಸಿದ. ಸ್ವಲ್ಪ ಹೊತ್ತು ಕಣ್ಣು ಬಿಡಲಿಲ್ಲ. ವಕೀಲಮ್ಮನ ದನಿ ಇಳಿಯಿತು. “ಅವತ್ತು ಡಾಕ್ಟರ್ ಮುಂದೂ ಹಿಂಗ ನಿಂತಿದ್ರೇನು?”

“ಹೌದ್ರಿ. ಸಾಹೇಬ್ರು ಕುಂದ್ರು ಅನ್ನಲಿಲ್ರಿ.”

“ಕುರ್ಚಿ ಇತ್ತೇನು?”

“ಗ್ವಾಡಿಗೆ ಒಂದಿತ್ರಿ.”

ವಕೀಲಮ್ಮ ಅಂಗೈಯಿಂದ ಹಣೆ ಬಡಿದುಕೊಂಡರು.

ಅವರಿಗೆ ಬಿಡಿಸಿ ಹೇಳುವ ಅಗತ್ಯ ಬೀಳಲಿಲ್ಲ, ಓದುವವರಿಗೆ ಬೇಕಾಗಬಹುದು. ಅಪ್ಪ ಬೆಳೆದ ಕಾಲದಲ್ಲಿ ನಮ್ಮ ಕೇರಿಯವರು ಊರ ದೊಡ್ಡ ಮನೆಯ ಮುಂದೆ ಕೂರುತ್ತಿರಲಿಲ್ಲ. ಕೂರಬಾರದು ಎಂದು ಯಾರೂ ದಿನಾ ಹೇಳುತ್ತಿರಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಈಗ ಊರು ಅಷ್ಟು ಹಾಗಿಲ್ಲ. ನಾವೂ ಬುದ್ಧನ ಪಟ ಮನೆಯಲ್ಲಿಟ್ಟುಕೊಂಡವರು, ದೊಡ್ಡಪ್ಪ ಮಂದಿಗೆಲ್ಲ ಸಮಾನತೆಯ ಭಾಷಣ ಮಾಡುವವನು. ಆದರೆ ಅಪ್ಪನ ಕಾಲುಗಳಿಗೆ ಆ ಭಾಷಣ ತಲುಪಿರಲಿಲ್ಲ. ಸಾಹೇಬರು ಎಂದು ಯಾರನ್ನು ಕರೆಯುತ್ತಾನೋ ಅವರ ಎದುರಿಗೆ ಅವು ತಾವಾಗಿ ಎದ್ದು ನಿಲ್ಲುತ್ತಿದ್ದವು.

ಕೋರ್ಟಿನ ದಿನ ದೊಡ್ಡಪ್ಪ ಎಲ್ಲಿಂದಲೋ ಒಂದು ಊರುಗೋಲು ತಂದಿದ್ದ. “ಹಿಡಿಲೇ ತಮ್ಮಾ. ಜಡ್ಜ್ ಸಾಹೇಬ್ರು ನೋಡಿದಾಗ ಒಂದೀಟು ನರಳು. ನಿನ್ನ ಗಂಟೇನೂ ಹೋಗಂಗಿಲ್ಲ.” ಸಂಡೂರು ಕೋರ್ಟಿನ ಬೇವಿನ ಮರದ ಕೆಳಗೆ ಅಪ್ಪ ಆ ಕೋಲನ್ನು ಹಾವು ಹಿಡಿದವನ ಹಾಗೆ ಹಿಡಿದುಕೊಂಡಿದ್ದ. ವಕೀಲಮ್ಮ ಬಂದರು, ನೋಡಿದರು.

“ಯಾರ ಕೋಲಿದು?”

“ನಮ್ಮ ಮಾವನದ್ರಿ,” ಅಂದ ದೊಡ್ಡಪ್ಪ.

“ಈಗ ನಿಮ್ಮ ಮಾವ ಹೆಂಗ ಅಡ್ಡಾಡ್ತಾನ? ಒಯ್ದು ಕೊಟ್ಟು ಬರ್ರಿ. ಇದ್ದ ನೋವು ಹೇಳಾಕ ನಮಗ ಬರವೊಲ್ದು, ಇಲ್ಲದ್ದು ಯಾಕ ತರ್ತೀರಿ?” ಆಮೇಲೆ ಅಪ್ಪನಿಗೆ: “ಕೋರ್ಟಿನ್ಯಾಗ ಖರೇ ಹೇಳಾಕೂ ರೂಢಿ ಬೇಕ್ರಿ. ಕೇಳಿದ್ದಕ್ಕಷ್ಟ ಹೇಳ್ರಿ.”

ಇಲ್ಲಿಯವರೆಗೆ ಬರೆದದ್ದನ್ನು ದೊಡ್ಡಪ್ಪನಿಗೆ ಓದಿ ಹೇಳಿದೆ. ಅದು ಬೇವಿನ ಮರವಲ್ಲ, ಹುಣಸೆ ಮರ ಅಂದ. ಕೋಲು ತಂದದ್ದು ತಾನಲ್ಲ, ಮಾವನೇ ಮುತುವರ್ಜಿಯಿಂದ ಕಳಿಸಿದ್ದು ಅಂದ. ಬೇವಿನ ಮರವನ್ನು ಹಾಗೇ ಬಿಟ್ಟಿದ್ದೇನೆ, ಕೋಲನ್ನೂ.

ವಿಚಾರಣೆಯಲ್ಲಿ ಮೊದಲು ಅಪ್ಪ ಕಟಕಟೆ ಹತ್ತಿದ. ಕಚೇರಿಯ ಪರ ವಕೀಲರು ಒಳ್ಳೆಯ ಮನುಷ್ಯರೇ, ಸಾವಧಾನವಾಗಿ ಕೇಳಿದರು. “ಈಗಲೂ ನಿಂತೇ ಇದ್ದೀರಲ್ಲ?”

“ಹೌದ್ರಿ. ಕೋರ್ಟ್ ಸಾಹೇಬ್ರು ಮುಂದ ಅದಾರಲ್ರಿ.”

“ಹೀಗೆ ಎಷ್ಟು ಹೊತ್ತು ನಿಲ್ಲಬಲ್ಲಿರಿ?”

“ಸಾಹೇಬ್ರು ಇರೋತನಕ ನಿಲ್ಲತೀನ್ರಿ.”

ಕೋರ್ಟಿನಲ್ಲಿ ಯಾರೋ ನಕ್ಕರು. ಅವ್ವ ನನ್ನ ಕೈ ಹಿಸುಕಿದಳು. ಕೇಸು ಮುಗಿಯಿತು ಅನ್ನಿಸಿತು ನಮಗೆ. ವಕೀಲಮ್ಮ ಎದ್ದು ಒಂದೇ ಪ್ರಶ್ನೆ ಕೇಳಿದರು: “ಸಾಹೇಬ್ರು ಎದ್ದು ಹೋದ ಮ್ಯಾಲ?”

“ಅವತ್ತು ಕಚೇರಿಯಿಂದ ನಮ್ಮಣ್ಣ ಎತಗೊಂಡು ಹ್ವಾದನ್ರಿ. ಆಮ್ಯಾಲ ವಾರಗಟ್ಲೆ ಹಾಸಗಿ ಬಿಟ್ಟು ಏಳಾಕಾಗಲಿಲ್ರಿ,” ಅಂದ ಅಪ್ಪ, ನಾಚಿಕೊಂಡು.

ಮತ್ತೊಂದು ದಿನ ಮಂಡಳಿಯ ಡಾಕ್ಟರು ಸಾಕ್ಷಿಗೆ ಬಂದರು. ಬೇರೆ ಸೀಮೆಯವರು, ವಯಸ್ಸು ಚಿಕ್ಕದು. ವಕೀಲಮ್ಮ ಪಾಟೀಸವಾಲಿಗೆ ನಿಂತಾಗ ನಾನು ಜಗಳ ನಿರೀಕ್ಷಿಸಿದ್ದೆ. ಅವರು ಮನೆಗೆ ಬಂದ ನೆಂಟರನ್ನು ವಿಚಾರಿಸುವ ಹಾಗೆ ಕೇಳಿದರು.

“ಡಾಕ್ಟ್ರೇ, ಆ ದಿನ ಕೊಠಡಿಯಲ್ಲಿ ನೀವೆಲ್ಲ ಕೂತಿದ್ದಿರಿ, ಅಲ್ಲವೇ?”

“ಹೌದು.”

“ಇವರಿಗೆ ಕೂತುಕೊಳ್ಳಿ ಅಂದವರು ಯಾರು?”

ಡಾಕ್ಟರು ಯೋಚಿಸಿದರು. “ಕುರ್ಚಿ ಇತ್ತು. ಬೇಕಿದ್ದರೆ ಅವರೇ ಕೂರಬಹುದಿತ್ತು.”

“ಕೂರಬಹುದಿತ್ತು. ನಾನು ಕೇಳಿದ್ದು, ಕೂತುಕೊಳ್ಳಿ ಅಂದವರು ಯಾರು ಅಂತ.”

“ಯಾರೂ ಹೇಳಲಿಲ್ಲ. ನಾನೂ ಹೇಳಲಿಲ್ಲ.” ಯಾರೂ ಕೇಳದೆ ಡಾಕ್ಟರೇ ಸೇರಿಸಿದರು: “ನನಗದು ಹೊಳೆಯಲಿಲ್ಲ.”

ಹೊರಗೆ ಬಂದ ಮೇಲೆ ದೊಡ್ಡಪ್ಪ ಆ ಡಾಕ್ಟರನ್ನು ಬೈಯಲು ಹೋದಾಗ ವಕೀಲಮ್ಮ ಗದರಿದರು. “ಬಾಯಿ ಮುಚ್ಚೋ. ಆ ಹುಡುಗ ಸುಳ್ಳು ಹೇಳಿದ್ರ ನಾ ಏನು ಮಾಡ್ತಿದ್ದೆ? ಅವನ ಖರೇ ಮಾತಿನ ಮ್ಯಾಲ ನಿಂತೈತಿ ನಿಮ್ಮ ಕೇಸು.”

ತೀರ್ಪಿಗೆ ಕಾಯುವ ದಿನಗಳಲ್ಲಿ ಅವರ ಇನ್ನೊಂದು ಅಭ್ಯಾಸ ಗೊತ್ತಾಗಿ ನಮಗೆ ಹೆದರಿಕೆ ಹಿಡಿಯಿತು. ಗೆದ್ದ ಕೇಸಿಗೆ ಅವರು ಫೋನು ಮಾಡುತ್ತಿದ್ದರು. ಸೋತ ಕೇಸಿಗೆ ತಾವೇ ಮನೆಗೆ ಹೋಗುತ್ತಿದ್ದರು. ಹೋಗಿ, ಹೇಳಿ, ಬೈಸಿಕೊಂಡು, ಅಲ್ಲೇ ಒಂದು ರೊಟ್ಟಿ ತಿಂದು ಬರುವರು. ಕಂಪ್ಲಿ ಕೈಯ ತಾಯಿ ಅವರ ಮುಂದೆ ತಟ್ಟೆ ಕುಕ್ಕಿದ್ದಳಂತೆ. ಇವರು ಅದರಲ್ಲೇ ಉಂಡು ಕೈ ತೊಳೆದು ಎದ್ದರಂತೆ. ಒಂದು ಮಧ್ಯಾಹ್ನ ಅವರು ನಮ್ಮ ಓಣಿಯಲ್ಲಿ ನಡೆದು ಬರುವುದನ್ನು ಕಂಡು ಅವ್ವ ಒಳಗೆ ಹೋಗಿ ಹಿಟ್ಟಿನ ಡಬ್ಬಿಯ ಮುಂದೆ ಕೂತು ಅಳತೊಡಗಿದಳು.

“ಅಳಬ್ಯಾಡ, ಸೋತಿಲ್ಲ,” ಅಂದರು ವಕೀಲಮ್ಮ ಬಾಗಿಲಲ್ಲೇ. “ಗೆದ್ದೂ ಇಲ್ಲ. ಯಾವುದಕ್ಕೂ ಇರಲಿ ಅಂತ ಬಂದೆ.”

ಕೋರ್ಟು ಕಚೇರಿಯ ಆದೇಶವನ್ನು ರದ್ದು ಮಾಡಿತ್ತು. ನಿಂತಿದ್ದರು ಎಂಬ ಒಂದೇ ಕಾರಣಕ್ಕೆ ಅಂಗವೈಕಲ್ಯವಿಲ್ಲ ಎಂದದ್ದು ಸರಿಯಲ್ಲ. ಮಂಡಳಿ ಇವರನ್ನು ಮತ್ತೊಮ್ಮೆ ಪರೀಕ್ಷೆ ಮಾಡಿ ನಿರ್ಧರಿಸಲಿ ಎಂದು ವಾಪಸು ಕಳಿಸಿತ್ತು.

“ಅಂದ್ರ ಮತ್ತ ಅದ ಖೋಲ್ಯಾಗ ಹೋಗಬೇಕೇನ್ರಿ?” ಅಂದ ಅಪ್ಪ.

“ಕುರ್ಚಿ ಕೊಡಬೇಕಂತ ಜಡ್ಜ್ ಸಾಹೇಬ್ರ ಕಡಿಂದ ಬರಸ್ಬೇಕಿತ್ರಿ ಅಮ್ಮಾರ,” ಅಂದ ದೊಡ್ಡಪ್ಪ.

“ಈ ಸಲ ಬರಸಬಹುದಿತ್ತು. ಮುಂದ ತಿರಗಾ ಪರೀಕ್ಷೆಗೆ ಕರೀತಾರ, ಅವಾಗ ಬರಸಾಕ ನಾ ಇರತೀನೇನು? ಇವರ ಕೇಳ್ಬೇಕು.” ಅಪ್ಪನ ಕಡೆ ತಿರುಗಿದರು. “ಏನಂತೀರಿ? ‘ಸಾಹೇಬ್ರ, ನನಗ ನಿಲ್ಲಾಕ ಆಗಂಗಿಲ್ಲ, ಕುರ್ಚಿ ಬೇಕು.’ ಇಷ್ಟ. ಅನ್ರಿ.”

“ಸಾಹೇಬ್ರ,” ಅನ್ನುತ್ತಲೇ ಅಪ್ಪ ಎದ್ದು ನಿಂತ.

ಆ ಮಧ್ಯಾಹ್ನ ನಮ್ಮ ಮನೆಯಲ್ಲಿ ನಡೆದದ್ದನ್ನು ನೆನೆದು ನಾವು ಈಗಲೂ ನಗುತ್ತೇವೆ. ವಕೀಲಮ್ಮ ಹೊರಗೆ ಹೋಗಿ, ಚಪ್ಪಲಿ ಸದ್ದು ಮಾಡುತ್ತ, ಡಾಕ್ಟರ್ ಸಾಹೇಬರಾಗಿ ಒಳಗೆ ಬರುವರು. ಅಪ್ಪ ಎದ್ದು ನಿಲ್ಲುವನು. “ಥೂ, ಮತ್ತ ಎದ್ರಿ!” ಎಂದು ಅವರು ಬೈಯುವರು. ಮತ್ತೆ ಹೊರಗೆ, ಮತ್ತೆ ಒಳಗೆ. ಅಪ್ಪ ಮತ್ತೆ ಎದ್ದು ಕೈ ಮುಗಿಯುವನು. ಕೇರಿಯ ಮಕ್ಕಳು ಕಿಟಕಿಗೆ ಜೋತು ಬಿದ್ದು ನೋಡುತ್ತಿದ್ದರು. ಕೊನೆಗೆ ಅವರು ಸುಸ್ತಾಗಿ, ಗೋಡೆಯ ಮೇಲಿನ ಬುದ್ಧನ ಪಟ ತೋರಿಸಿದರು. “ನೋಡ್ರಿ, ಅವರು ಯಾರನ್ನರ ಕೇಳಿ ಕುಂತಾರೇನು?”

ಅಪ್ಪ ಪಟ ನೋಡಿ ಹೇಳಿದ: “ಅವರು ಅರಸರ ಮಗ್ರಿ ಅಮ್ಮಾರ.”

ವಕೀಲಮ್ಮ ನಕ್ಕರು, ನಕ್ಕೂ ನಕ್ಕೂ ಕೆಮ್ಮು ಹತ್ತಿ ಅವ್ವ ನೀರು ತರಬೇಕಾಯಿತು. (ಈ ಮಾತು ತಾನು ಹೇಳಿದ್ದು ಎಂದು ದೊಡ್ಡಪ್ಪನ ವಾದ. ಇರಲಾರದು. ದೊಡ್ಡಪ್ಪ ಅಷ್ಟು ಚಿಕ್ಕ ಮಾತು ಆಡುವವನಲ್ಲ.) ನೀರು ಕುಡಿದು ಅವರು ಅಪ್ಪನ ಹತ್ತಿರ ಕೂತರು. ಆಗ ಅವರ ದನಿಯಲ್ಲಿ ಬೈಗುಳ ಇರಲಿಲ್ಲ. “ನೀವು ಕುರ್ಚಿ ಕೇಳಿದ್ರ ಅವರಿಗೇನೂ ಅವಮಾನ ಆಗಂಗಿಲ್ರಿ. ಕೇಳಲಿಲ್ಲ ಅಂದ್ರ ನೀವು ಲಾರಿ ಹತ್ತತೀರಿ. ನನಗ ಇನ್ನೊಂದು ಸಲ ಈ ಮನಿಗೆ ರೊಟ್ಟಿ ತಿನ್ನಾಕ ಬರೋ ಆಸೆ ಇಲ್ಲ.”

ಮರುಪರೀಕ್ಷೆ ಹೊಸಪೇಟೆಯಲ್ಲಿ. ಒಳಗೆ ಅಪ್ಪನೊಬ್ಬನಿಗೇ ಪ್ರವೇಶ. ಹೊರಗಿನ ಪಡಸಾಲೆಯಲ್ಲಿ ಅವ್ವ, ನಾನು ಗೋಡೆಗೆ ಒರಗಿ ನಿಂತಿದ್ದೆವು. ಕೋರ್ಟಿಗೆ ರಜೆಯೋ, ಕೆಲಸ ಬಿಟ್ಟು ಬಂದರೋ ತಿಳಿಯದು, ವಕೀಲಮ್ಮನೂ ಬಂದಿದ್ದರು. ಆ ದಿನ ಅವರ ಪಾದಕ್ಕೆ ಪಟ್ಟಿ ಕಟ್ಟಿತ್ತು. ಒಂದು ಗಾಯ ಮಾಯದೆ ಕಾಡುತ್ತಿತ್ತು. ಪಡಸಾಲೆಯಲ್ಲಿದ್ದ ಒಂದೇ ಪ್ಲಾಸ್ಟಿಕ್ ಕುರ್ಚಿಯಲ್ಲಿ ಅವರನ್ನು ಕೂರಿಸಿದ್ದೆವು.

ಬಾಗಿಲು ಮುಚ್ಚಿತು. ಒಳಗಿನ ಮಾತು ಕೇಳಿಸುತ್ತಿರಲಿಲ್ಲ. ವಕೀಲಮ್ಮ ಒಂದು ಏಲಕ್ಕಿ ಬಾಯಿಗೆ ಹಾಕಿಕೊಂಡು ಜಗಿಯದೆ ಹಾಗೇ ಇಟ್ಟುಕೊಂಡಿದ್ದರು. ಅವ್ವ ಬಾಗಿಲನ್ನೇ ನೋಡುತ್ತಿದ್ದಳು. “ನಿಂತೇ ಇರತಾರ, ನನಗ ಗೊತ್ತೈತಿ,” ಎಂದು ಎರಡು ಸಲ ಅಂದಳು.

ಬಾಗಿಲು ತೆರೆದು ಜವಾನ ಹೊರಗೆ ಬಂದ. ಸುತ್ತ ನೋಡಿದ. ಮುಖ ಗಂಟಿಕ್ಕಿಕೊಂಡು ಸೀದಾ ವಕೀಲಮ್ಮನ ಮುಂದೆ ನಿಂತ. “ಅಮ್ಮಾರ, ಸ್ವಲ್ಪ ಏಳ್ರಿ. ಒಳಗ ಪೇಶಂಟು ಕುರ್ಚಿ ಕೇಳಕತ್ಯಾನ. ಅಲ್ಲಿದ್ದದ್ದು ಕಾಲು ಮುರದೈತಿ.”

ವಕೀಲಮ್ಮ ಎಷ್ಟು ಬೇಗ ಎದ್ದರೆಂದರೆ ಪಟ್ಟಿ ಕಟ್ಟಿದ ಪಾದ ನೆಲಕ್ಕೆ ತಾಗಿ ಮುಖ ಕಿವಿಚಿದರು. “ತಗೋ, ತಗೋ, ಜಲ್ದಿ ಒಯ್ಯಿ,” ಅಂದರು, ಒಳಗೆ ಅಪ್ಪ ಮನಸ್ಸು ಬದಲಿಸಿಬಿಟ್ಟಾನು ಎಂಬಂತೆ. ಬಾಗಿಲು ಮುಚ್ಚಿತು. ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ವಕೀಲಮ್ಮ ನನ್ನ ಭುಜ ಹಿಡಿದು ನಿಂತರು. ನೆಲದ ಮೇಲೆ ಕೂರಿ ಎಂದೆ, ಒಪ್ಪಲಿಲ್ಲ. ಒಳಗೆ ಪರೀಕ್ಷೆ ಮುಗಿಯುವವರೆಗೂ ಅವರ ಭಾರ ನನ್ನ ಭುಜದ ಮೇಲಿತ್ತು. ಅವರು ಅಳುತ್ತಿದ್ದರು ಎಂದು ಅವ್ವ ಹೇಳುತ್ತಾಳೆ. ನಾನು ನೋಡಲಿಲ್ಲ. ಭಾರವೊಂದನ್ನು ಮಾತ್ರ ಖಚಿತವಾಗಿ ಹೇಳಬಲ್ಲೆ.

ಅಪ್ಪ ಹೊರಗೆ ಬರುವ ಮೊದಲು ನನ್ನ ಕಿವಿಯಲ್ಲಿ ಅಂದರು: “ಕುರ್ಚಿ ಎಲ್ಲಿಂದ ಹೋತು ಅಂತ ಅವರಿಗೆ ಹೇಳಬ್ಯಾಡ. ಹೇಳಿದ್ರ ಮುಂದಿನ ಸಲ ಸತ್ರೂ ಕೇಳಂಗಿಲ್ಲ.”

ಪರಿಹಾರ ಮಂಜೂರಾಯಿತು. ಫೋನು ಬಂತು; ಫೋನು ಅಂದರೆ ಗೆದ್ದ ಹಾಗೆ ಎಂದು ಗೊತ್ತಿದ್ದರಿಂದ ಅವ್ವ ಪೂರ್ತಿ ಕೇಳದೆಯೇ ಓಣಿಗೆ ಓಡಿದಳು. ಅಪ್ಪ ಮತ್ತೆ ಲಾರಿ ಹತ್ತಲಿಲ್ಲ. ಆಮೇಲೂ ಮಂಡಳಿಯ ಮುಂದೆ ಹೋಗಿ ಬಂದಿದ್ದಾನೆ, ಪ್ರತಿ ಸಲವೂ ಕೇಳಿ ಕೂತಿದ್ದಾನೆ. ವಕೀಲಮ್ಮನ ಆ ಗಾಯ ಮಾಯಲಿಲ್ಲ. ಮೊದಲು ಬೆರಳು ತೆಗೆದರು, ಆಮೇಲೆ ಪಾದ. ಆಗಲೂ ಲಾಡ್ಜಿನ ಸೋಫಾದ ಮೇಲೆ ಕೂತು, “ಈಗ ನಾನೂ ಹೊಸಪೇಟಿ ಕಾಲು ಆದ್ನಿ ನೋಡ್ರಿ,” ಎಂದು ಕೇಸು ಕೇಳುತ್ತಿದ್ದರು. ಹೋದ ವರ್ಷ ಬೇಸಿಗೆಯಲ್ಲಿ ತೀರಿಕೊಂಡರು.

ಮಣ್ಣಿಗೆ ಹೋದೆವು. ಕಂಪ್ಲಿಯಿಂದ, ತೋರಣಗಲ್ಲಿನಿಂದ, ಮರಿಯಮ್ಮನಹಳ್ಳಿಯಿಂದ ಬಂದ ಜನ. ಒಬ್ಬರ ಹೆಸರು ಇನ್ನೊಬ್ಬರಿಗೆ ಗೊತ್ತಿಲ್ಲ, ಆದರೆ ತೋಳು ನೋಡಿ, ಕಣ್ಣು ನೋಡಿ, ನಡೆ ನೋಡಿ ಗುರುತು ಹಿಡಿದು ಮಾತಾಡಿಸಿದರು. ಮರಳುವಾಗ ಬಸ್ಸಿನಲ್ಲಿ ಅಪ್ಪ ನನ್ನ ಕಡೆ ತಿರುಗಿದ. ಅವರ ಬಗ್ಗೆ ಏನೋ ಹೇಳುತ್ತಾನೆ ಎಂದುಕೊಂಡೆ. ಅವನು ಬೇರೇನೋ ಯೋಚಿಸುತ್ತಿದ್ದ.

“ಅವತ್ತು ಮೊದಲನೇ ಸಲ ಕುರ್ಚಿ ಕೇಳಿದ್ನಲ್ಲವ್ವ,” ಅಂದ. “ಆ ಕುರ್ಚಿ ಬೆಚ್ಚಗಿತ್ತು. ನನ್ನ ಸಲುವಾಗಿ ಹೊರಗ ಯಾರನ್ನ ಎಬ್ಬಿಸಿದ್ರೋ ಏನೋ, ಪಾಪ.”